ಮೂರು ಸಲ ಫಾರ್ಮ್ಯಾಟ್ ಮಾಡಿದರು, ರ‍್ಯಾಮ್ ಮಾತ್ರ ಯಾರೂ ಮುಟ್ಟಲಿಲ್ಲ

ಇವತ್ತು ಇದನ್ನು ಬರೆದು ಹೊಟ್ಟೆಯುರಿ ತೀರಿಸಿಕೊಳ್ಳುತ್ತೇನೆ. ಇಲ್ಲದಿದ್ರೆ ರಾತ್ರಿ ನಿದ್ದೆ ಬರಲ್ಲ.

ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ. ಆಷಾಢದಲ್ಲಿ ಮದುವೆ ಕಾಗದದ ಕೆಲಸ ಇರಲ್ಲ. ಆಗ ಕೈ ಹಿಡಿಯುವುದು ಸೊಸೈಟಿಗಳ ವಾರ್ಷಿಕ ವರದಿ. ಮಾರ್ಚಿಗೆ ಲೆಕ್ಕ ಮುಗಿದಿರುತ್ತದೆ, ಸೆಪ್ಟೆಂಬರಿನೊಳಗೆ ಮಹಾಸಭೆ ಆಗಬೇಕು, ಎಲ್ಲರಿಗೂ ಒಟ್ಟಿಗೇ ಅವಸರ. ಸರಿಯಾಗಿ ಆ ಹೊತ್ತಿಗೇ ಕಂಪ್ಯೂಟರ್ ಕೈಕೊಟ್ಟಿತು.

ತುಂಗೆಯಲ್ಲಿ ರಾಮಮಂಟಪ ಮುಳುಗಿದ ವಾರ ಅದು. ಕನ್ನಡ ಟೈಪಿಂಗಿನ ನುಡಿ ಸಾಫ್ಟ್‌ವೇರಿನಲ್ಲಿ ಅಢಾವೆ ಪತ್ರಿಕೆ ಹೊಡೆಯುತ್ತಾ ಕೂತಿದ್ದೆ. ಪರದೆ ಗಪ್ಪಂತ ನೀಲಿಯಾಯಿತು. ಒಂದು ಅಳುಮುಖ, ಕೆಳಗೆ ಎರಡು ಸಾಲು ಇಂಗ್ಲಿಷ್. ತಾನೇ ಆಫ್ ಆಗಿ ತಾನೇ ಆನ್ ಆಯಿತು. ಒಂದೂವರೆ ಪುಟ ನೀರಿಗೆ ಹೋಯಿತು. ಕರೆಂಟಿನ ಆಟ ಅಂದುಕೊಂಡೆ. ಮಳೆಗಾಲದಲ್ಲಿ ನಮ್ಮಲ್ಲಿ ಕೆಟ್ಟಿದ್ದಕ್ಕೆಲ್ಲ ಕರೆಂಟೇ ಕಾರಣ ಅಲ್ವಾ? ಆದರೆ ಯುಪಿಎಸ್ ಸರಿಯಾಗಿತ್ತು. ಮಾರನೇ ದಿನ ಮೂರು ಸಲ ಹಾಗೇ ಆಯಿತು. ಒಂದು ಸಲ ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಬರೆದಿತ್ತು, ಇನ್ನೊಂದು ಸಲ ಪೇಜ್ ಫಾಲ್ಟ್ ಅಂತ, ಮತ್ತೊಂದು ಸಲ ಬೇರೆ ಏನೋ. ಮೂರರದ್ದೂ ಮೊಬೈಲಲ್ಲಿ ಫೋಟೋ ಹೊಡೆದಿಟ್ಟುಕೊಂಡೆ.

ಸಿಪಿಯು ಡಬ್ಬವನ್ನು ಗೊಬ್ಬರದ ಚೀಲದಲ್ಲಿ ಸುತ್ತಿ, ತೊಡೆ ಮೇಲೆ ಕೂರಿಸಿಕೊಂಡು ಶಿವಮೊಗ್ಗಕ್ಕೆ ಹೋದೆ. 60 ಕಿಲೋಮೀಟರ್. ಮಂಡಗದ್ದೆ ದಾಟುವಷ್ಟರಲ್ಲಿ ಕಾಲು ಜೋಮು ಹಿಡಿದಿತ್ತು. ಅಂಗಡಿಯ ಹುಡುಗ ವೈರ್ ಸಿಕ್ಕಿಸಿ ಆನ್ ಮಾಡಿದ. ಡೆಸ್ಕ್‌ಟಾಪ್ ಬಂತು. ಎರಡು ನಿಮಿಷ ಮೌಸ್ ಆಡಿಸಿದ.

"ಚೆನ್ನಾಗೇ ಓಡ್ತಿದೆಯಲ್ಲ ಸರ್. ವಿಂಡೋಸ್ ಕರಪ್ಟ್ ಆಗಿರುತ್ತೆ. ಫಾರ್ಮ್ಯಾಟ್ ಮಾಡಿಬಿಡೋಣ."

ಫೋಟೋ ತೋರಿಸೋಕೆ ಹೋದೆ. ಅವನು ಮೊಬೈಲಿನ ಕಡೆ ತಿರುಗಿಯೂ ನೋಡಲಿಲ್ಲ.

ಫಾರ್ಮ್ಯಾಟ್ ಅಂದ್ರೆ ಡಿಸ್ಕಿನಲ್ಲಿದ್ದದ್ದನ್ನು ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ಅವನಿಗೆ ಅದು ಒಂದು ಗಂಟೆ, 500 ರೂಪಾಯಿ. ನನಗೆ? ನುಡಿ ಮತ್ತೆ ಹಾಕಬೇಕು, ಪುಟ ಜೋಡಿಸುವ ಪೇಜ್‌ಮೇಕರ್ ಹಾಕಬೇಕು, ಹತ್ತು ವರ್ಷದಿಂದ ಕೂಡಿಟ್ಟ ಫಾಂಟ್ ಎಲ್ಲ ತುಂಬಬೇಕು, ಪ್ರಿಂಟರಿಗೆ ಪೂಜೆ ಮಾಡಬೇಕು. ಒಂದಿಡೀ ದಿನ ಅಂಗಡಿ ಇದ್ದೂ ಇಲ್ಲದ ಹಾಗೆ. ನಾಲ್ಕೇ ದಿನಕ್ಕೆ ಮತ್ತೆ ಅದೇ ಅಳುಮುಖ.

ಎರಡನೇ ಸಲ ಎಸ್‌ಎಂಪಿಎಸ್ ವೀಕ್ ಅಂದ. ಡಬ್ಬದೊಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ ಅದು. ಹೊಸದಕ್ಕೆ 1,900. ಹಳೆಯದನ್ನು ಅವನೇ ಇಟ್ಟುಕೊಂಡ, ಜೊತೆಗೆ ಇನ್ನೊಂದು ಫಾರ್ಮ್ಯಾಟ್. ಮೂರನೇ ಸಲ ಹಾರ್ಡ್ ಡಿಸ್ಕ್ ಹೋಗಿದೆ ಅಂತ 2,700ಕ್ಕೆ ಹೊಸ ಬಗೆಯ ಡಿಸ್ಕ್, ಎಸ್‌ಎಸ್‌ಡಿ ಹಾಕಿದ. ಆ ದಿನ ನನ್ನ ಕಣ್ಣೆದುರೇ ವಿಂಡೋಸ್ ಇನ್‌ಸ್ಟಾಲ್ ಅರ್ಧಕ್ಕೆ ನಿಂತಿತು, ಫೈಲ್ ಕೆಟ್ಟಿದೆ ಅಂತ. ಪೆನ್‌ಡ್ರೈವ್ ಸರಿಯಿಲ್ಲ ಅಂತ ಬೇರೆ ಹಾಕಿದ, ಹೇಗೋ ಆಯಿತು. ಅಲ್ಲ ಮಾರಾಯಾ, ಡಿಸ್ಕ್ ಹೊಸದು, ವಿಂಡೋಸ್ ಹೊಸದು, ಎಸ್‌ಎಂಪಿಎಸ್ ಹೊಸದು, ಆದರೂ ಅರ್ಧದಲ್ಲಿ ನಿಂತಿತು ಅಂದ್ರೆ ಇನ್ನು ಉಳಿದಿರುವುದು ಎಂತ ಅಂತ ಒಂದು ಸಲನಾದ್ರೂ ಯೋಚನೆ ಬರಬಾರದಾ?

ನಾಲ್ಕನೇ ಸಲ ಫೋನ್ ಮಾಡಿದ್ದಕ್ಕೆ ಬಂದ ಉತ್ತರ: "ನಿಮ್ಮ ಕಡೆ ತೇವ ಜಾಸ್ತಿ ಸರ್, ಅಲ್ಲಿ ಕಂಪ್ಯೂಟರ್ ಬಾಳಲ್ಲ." ತೇವ ಇದೆ, ಇಲ್ಲ ಅನ್ನಲ್ಲ. ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಬರುತ್ತದೆ. ಆದರೆ ತೀರ್ಥಹಳ್ಳಿಯಲ್ಲಿ ಬ್ಯಾಂಕಿಲ್ವಾ, ತಾಲ್ಲೂಕು ಆಫೀಸಿಲ್ವಾ? ಅವರೆಲ್ಲ ಸ್ಲೇಟಿನ ಮೇಲೆ ಬರೀತಾರಾ?

ಕೊನೆಗೆ ದಾರಿ ತೋರಿಸಿದ್ದು ಅಕ್ಕನ ಮಗ. ರಜೆಗೆ ಬಂದವನು ಸುಮ್ನೆ ಫೋಟೋ ನೋಡುತ್ತಾ ಹೇಳಿದ, "ಮಾವ, ಪ್ರತಿ ಸಲ ಬೇರೆ ಬೇರೆ ಎರರ್ ಬರ್ತಿದೆ ಅಂದ್ರೆ ಮೊದಲು ರ‍್ಯಾಮ್ ನೋಡ್ಬೇಕು." ರ‍್ಯಾಮ್ ಅಂದ್ರೆ ಕೆಲಸ ನಡೆಯುವಾಗ ಕಂಪ್ಯೂಟರ್ ಎಲ್ಲವನ್ನೂ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ. ಡಬ್ಬದ ಪಕ್ಕ ಬಿಚ್ಚಿದ. ಐದು ಇಂಚಿಗಿಂತ ಸ್ವಲ್ಪ ಉದ್ದದ ಎರಡು ಪಟ್ಟಿ, 4 ಜಿಬಿ ಒಂದೊಂದು. ತುದಿಯ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಾಸಲು ಪೊರೆ. ಮಗಳ ಕಂಪಾಸ್ ಬಾಕ್ಸಿನ ರಬ್ಬರ್ ತಗೊಂಡು ಮೆಲ್ಲಗೆ ಉಜ್ಜಿದ, ಪುಡಿ ಊದಿ, ಎರಡೂ ಕಡೆ ಕ್ಲಿಪ್ ಟಕ್ ಅನ್ನುವವರೆಗೆ ಒತ್ತಿ ಕೂರಿಸಿದ. ಇಷ್ಟಕ್ಕೇ ಎಷ್ಟೋ ಕಂಪ್ಯೂಟರ್ ಸರಿಹೋಗುತ್ತವಂತೆ. ನನ್ನದು ಎರಡು ದಿನ ಓಡಿ ಮತ್ತೆ ಅತ್ತಿತು.

ಆಮೇಲೆ ಮೆಮ್‌ಟೆಸ್ಟ್ ಅನ್ನುವುದನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಆನ್ ಮಾಡಿದ. ವಿಂಡೋಸಿನ ಹಂಗೇ ಇಲ್ಲ. ರ‍್ಯಾಮಿನ ಒಂದೊಂದು ಮನೆಗೂ ಏನೋ ಬರೆಯುತ್ತದೆ, ತಿರುಗಿ ಓದುತ್ತದೆ, ಬರೆದದ್ದೇ ಬಂತಾ ಅಂತ ನೋಡುತ್ತದೆ. ಒಂದು ಪಟ್ಟಿ ಮಾತ್ರ ಹಾಕಿ ಬಿಟ್ಟೆವು. ಬೆಳಗಿನವರೆಗೆ ಸೊನ್ನೆ ತಪ್ಪು. ಇನ್ನೊಂದನ್ನು ಹಾಕಿ ಹತ್ತು ನಿಮಿಷ ಆಗಿರಲಿಲ್ಲ, ಕೆಂಪು ಸಾಲುಗಳು ಒಂದರ ಕೆಳಗೊಂದು ಇಳಿಯತೊಡಗಿದವು. ಸ್ಲಾಟಿನ ದೋಷ ಇರಬಹುದಾ ಅಂತ ಜಾಗ ಬದಲಿಸಿದೆವು. ಅದೇ ಪಟ್ಟಿ, ಅದೇ ಕೆಂಪು.

ಆಗ ಅಂಗಡಿಯಲ್ಲಿ "ಚೆನ್ನಾಗೇ" ಓಡಿದ್ದರ ಗುಟ್ಟು ಗೊತ್ತಾಯಿತು. ರ‍್ಯಾಮ್ ಪೂರ್ತಿ ಸತ್ತಿಲ್ಲ, ಕೆಲವು ಮನೆ ಮಾತ್ರ ಕೆಟ್ಟಿವೆ. ಬರೀ ಡೆಸ್ಕ್‌ಟಾಪ್ ನೋಡಿದರೆ ಆ ಮನೆಯವರೆಗೆ ಹೋಗುವುದೇ ಇಲ್ಲ. ಪೇಜ್‌ಮೇಕರ್, ಫೋಟೋ, ಬ್ರೌಸರ್ ಎಲ್ಲ ತೆಗೆದಾಗ ತುಂಬುತ್ತಾ ತುಂಬುತ್ತಾ ಅಲ್ಲಿಗೆ ಕಾಲಿಡುತ್ತದೆ. ಇದನ್ನು ನೋಡೋಕೆ ವಿಂಡೋಸಿನ ಒಳಗೇ ಮೆಮೊರಿ ಡಯಾಗ್ನೋಸ್ಟಿಕ್ ಅಂತ ಒಂದಿದೆ, ಪುಕ್ಕಟೆ. ಮೆಮ್‌ಟೆಸ್ಟೂ ಪುಕ್ಕಟೆ. ಅಂಗಡಿ ಬಾಗಿಲು ಹಾಕುವಾಗ ಹಚ್ಚಿಟ್ಟು ಹೋಗಿದ್ದರೆ ಬೆಳಗ್ಗೆ ಉತ್ತರ ಸಿಗುತ್ತಿತ್ತು. 6,100 ರೂಪಾಯಿ ಸುರಿದೆ, ಮೂರು ಸಲ ಬಸ್ಸಲ್ಲಿ ಡಬ್ಬ ಹೊತ್ತೆ. ಕೆಟ್ಟಿದ್ದು ಇದೊಂದು ಪಟ್ಟಿ!

ಎಷ್ಟೋ ಕಂಪನಿಗಳು ರ‍್ಯಾಮಿಗೆ ಲೈಫ್‌ಟೈಮ್ ವಾರಂಟಿ ಕೊಡುತ್ತವೆ. ನನ್ನದಕ್ಕೂ ಇದೆ. "ಬಿಲ್ ತನ್ನಿ ಸರ್" ಅಂದರು. ನಾಲ್ಕು ವರ್ಷದ ಹಿಂದೆ ಅದೇ ಅಂಗಡಿಯವರು ಕೊಟ್ಟಿದ್ದು ಮೇಲೆ ಎಸ್ಟಿಮೇಟ್ ಅಂತ ಬರೆದ ಬಿಳಿ ಚೀಟಿ. ಅದು ನಡೆಯಲ್ಲವಂತೆ. ಚೀಟಿ ಕೊಟ್ಟವರು ಯಾರು ಸ್ವಾಮಿ?

ದುಡ್ಡು ಹಾಳಾಗಲಿ. ನನ್ನನ್ನು ಈಗ ತಿನ್ನುತ್ತಿರುವುದು ಬೇರೆಯೇ. ಕಳೆದ ವಾರ ಸೊಸೈಟಿ ಕಾರ್ಯದರ್ಶಿಗಳು ಬಂದು, "ಎಂತ ಮಾರಾಯಾ, ಠೇವಣಿ ಒಟ್ಟು ತಾಳೆ ಆಗ್ತಿಲ್ಲ" ಅಂದರು. ಒಂದು ಕಡೆ 4 ಇರಬೇಕಾದಲ್ಲಿ 5 ಇತ್ತು. ನನ್ನ ಬೆರಳೇ ತಪ್ಪಿರಬಹುದು. ಆದರೆ ಕಂಪ್ಯೂಟರಿನ ಒಳಗೆ 4ಕ್ಕೂ 5ಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಬಿಟ್, ಅಂದ್ರೆ ಒಂದು 0 ಹೋಗಿ 1 ಆಗುವಷ್ಟು. ಆ ದರಿದ್ರ ಪಟ್ಟಿ ಹಾಳುಮಾಡುತ್ತಿದ್ದದ್ದೂ ಬಿಟ್ಟನ್ನೇ. ದೊಡ್ಡ ಸರ್ವರ್‌ಗಳಲ್ಲಿ ಇಂಥ ತಪ್ಪನ್ನು ತಾನೇ ಹಿಡಿದು ತಿದ್ದುವ ಇಸಿಸಿ ರ‍್ಯಾಮ್ ಇರುತ್ತದೆ. ನಮ್ಮಂಥವರ ಡಬ್ಬಕ್ಕೆ ಅದೆಲ್ಲಿ? ಬ್ಯಾಕಪ್ ಅಂತ ಇಟ್ಟ ಜಿಪ್ ಫೈಲುಗಳಲ್ಲಿ ಎರಡು ತೆರೆಯುತ್ತಲೇ ಇಲ್ಲ. ಅವನ್ನೂ ಇದೇ ರ‍್ಯಾಮ್ ಇದ್ದಾಗಲೇ ಮಾಡಿದ್ದು.

ಹಾಗಾಗಿ ಈಗ ಉಳಿದ ಒಂದೇ ಪಟ್ಟಿಯಲ್ಲಿ, ಎತ್ತಿನ ಗಾಡಿ ವೇಗದಲ್ಲಿ ಕೆಲಸ. ಹೆಂಡತಿ ಸೊಸೈಟಿಯ ಪುಸ್ತಕ ನೋಡಿ ಅಂಕಿ ಓದುತ್ತಾಳೆ, ನಾನು ಪರದೆಯಲ್ಲಿ ಬೆರಳಿಟ್ಟು ತಾಳೆ ನೋಡುತ್ತೇನೆ. ಸಾಲದ ಪಟ್ಟಿಯ ಹನ್ನೊಂದನೇ ಪುಟ ನಡೀತಾ ಇದೆ. ಒಟ್ಟು ಪುಟ 36.