ಕೊಟ್ಟಷ್ಟು ಈಸಿಕೊಳ್ಳುವ ಕಲೆ

ಫ್ರಾನ್ಸಿನ ಲಿಯಾನಿನಲ್ಲಿ ಒಬ್ಬ ಅಂಗಡಿಯವನು ಮಗಳ ಮದುವೆಗೆ ಅಕಾರ್ಡಿಯನ್ ನುಡಿಸುವವನನ್ನು ಕರೆಸಿದ ಅಂದುಕೊಳ್ಳಿ. ಆ ಸಂಜೆಯ ಮಟ್ಟಿಗೆ ಅಂಗಡಿಯವನು ಮಾಲೀಕ, ನುಡಿಸುವವನು ನೌಕರ. ಫ್ರಾನ್ಸಿನ ಕಾರ್ಮಿಕ ಕಾನೂನು ಹಾಗೆಂದೇ ಶುರು ಮಾಡುತ್ತದೆ. ಕರಾರಿನಲ್ಲಿ ಇಬ್ಬರೂ ಸೇರಿ ಬೇರೆ ಏನೇ ಹೆಸರು ಬರೆದುಕೊಂಡರೂ ಇದು ಬದಲಾಗುವುದಿಲ್ಲ. ವಾದ್ಯ ಅವನ ಸ್ವಂತದ್ದಾಗಿದ್ದರೂ, ಜೊತೆಗೆ ಇಬ್ಬರು ಹುಡುಗರನ್ನು ತಾನೇ ದುಡ್ಡು ಕೊಟ್ಟು ಕರೆತಂದಿದ್ದರೂ ಅವನು ನೌಕರನೇ. ಕರೆಸಿದವನು ಒಂದು ಫಾರಂ ತುಂಬಬೇಕು. ಅದಕ್ಕಾಗಿಯೇ ಗುಸೊ ಅಂತ ಒಂದು ಸರ್ಕಾರಿ ಕೌಂಟರ್ ಇದೆ. ಕಾರ್ಯಕ್ರಮ ಮುಗಿದ 15 ದಿನದೊಳಗೆ ಅಲ್ಲಿ ಲೆಕ್ಕ ಕೊಟ್ಟು ದುಡ್ಡು ಕಟ್ಟಿದರೆ ಪಿಂಚಣಿ, ನಿರುದ್ಯೋಗ ಭತ್ಯೆ, ಅಪಘಾತದ ವಿಮೆ, ರಜೆ ಸಂಬಳ ಎಲ್ಲಕ್ಕೂ ಪಾಲು ಹೋಗುತ್ತದೆ.

ನಾನು ಕಡೂರು ಕಡೆಯವನು. ನಮ್ಮ ಸೋದರಮಾವ ವೀರಗಾಸೆ ಕುಣಿಯುತ್ತಾರೆ. ಅವರ ಟ್ರಂಕಿನಲ್ಲಿ ಗೆಜ್ಜೆ, ರುದ್ರಾಕ್ಷಿ, ಎದೆಗೆ ಕಟ್ಟುವ ಹಲಗೆ, ಕತ್ತಿ ಎಲ್ಲ ಇವೆ. ಎಲ್ಲ ಅವರ ದುಡ್ಡಿನದೇ. ಈ ಸಲ ಊರಿಗೆ ಹೋದಾಗ ಅವರ ತಂಡವನ್ನು ಒಂದು ಮೆರವಣಿಗೆಗೆ ಕರೆಸಿದ್ದರು. ಯಾರೋ ದೊಡ್ಡವರಿಗೆ ಸನ್ಮಾನ. ಉರಿಬಿಸಿಲು, ಟಾರು ರಸ್ತೆ, ಬರಿಗಾಲು. ನಾಲ್ಕು ಹೆಜ್ಜೆಗೊಮ್ಮೆ ಸಮಾಳದ ಬಡಿತ ನಿಲ್ಲಿಸಿ ಮಾವ ಕತ್ತಿ ಎತ್ತಿ ಒಡಪು, ಅಂದರೆ ವೀರಭದ್ರನ ಕಥೆಯ ಮಾತು, ಶುರು ಮಾಡುತ್ತಿದ್ದರು. ಹಿಂದಿದ್ದ ಡಿಜೆ ಗಾಡಿ ಅದನ್ನು ನುಂಗಿ ಹಾಕುತ್ತಿತ್ತು. ಡಿಜೆಯವನಿಗೆ ಅರ್ಧ ದುಡ್ಡು ಮೊದಲೇ ಬಿದ್ದಿತ್ತು, ಇಲ್ಲದಿದ್ದರೆ ಅವನು ಜನರೇಟರ್ ಚಾಲೂ ಮಾಡುವವನೇ ಅಲ್ಲ. ಶಾಮಿಯಾನದವನ ಹತ್ತಿರ ಬಿಲ್ಲಿತ್ತು. ಮಾವನ ಹತ್ತಿರ ಒಂದು ಫೋನ್ ನಂಬರ್ ಇತ್ತು.

'ಎಷ್ಟು ಕೊಟ್ರು ಮಾವ?' ಅಂದೆ.

'ಇನ್ನೂ ಎಲ್ಲಿ ಕೊಟ್ರು? ಕೊಟ್ಟಷ್ಟು ಈಸ್ಕೋಬೇಕು ಕಣಪ್ಪ. ಜಗಳ ಆಡಿದ್ರೆ ಮುಂದಿನ ಸಲ ಕರೆಯಲ್ಲ' ಅಂದರು.

ಕರ್ನಾಟಕ ಸುಮ್ನೆ ಕೂತಿಲ್ಲ ಅನ್ನುವುದನ್ನು ಒಪ್ಪೋಣ. 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆ ಒಂದು ಕಾನೂನನ್ನೇ ಮಾಡಿದರು. ಸಿನಿಮಾ ಟಿಕೆಟ್, ಒಟಿಟಿ ಚಂದಾ ಮುಂತಾದವುಗಳ ಮೇಲೆ ಶೇಕಡ 1ರಿಂದ 2ರಷ್ಟು ಸೆಸ್, ಆ ದುಡ್ಡಿಗೊಂದು ನಿಧಿ, ನೋಡಿಕೊಳ್ಳಲು ಮಂಡಳಿ. ಊರಿಂದ ದೂರ ಕೂತು ಓದಿದಾಗ ಖುಷಿಯಾಯಿತು. ವಯಸ್ಸಾದ ಕಲಾವಿದರಿಗೆ ಸಂಸ್ಕೃತಿ ಇಲಾಖೆಯ ಮಾಸಾಶನ ಮೊದಲಿನಿಂದಲೂ ಇದೆ. ಆದರೆ ಇವೆಲ್ಲ ಕಲ್ಯಾಣ. ಕಷ್ಟ ಬಂದಮೇಲೆ, ಮುದುಕರಾದಮೇಲೆ, ಅರ್ಜಿ ಹಾಕಿದಮೇಲೆ ಸಿಗುವಂಥದ್ದು. ಕುಣಿದ ದಿನದ ಕೂಲಿ ಯಾರು ಕೊಡಬೇಕು, ಯಾವಾಗ ಕೊಡಬೇಕು ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ಮಾವನಿಗೆ ಈ ಸೆಸ್ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: 'ಜಾತ್ರೆಗೆ ಟಿಕೆಟ್ ಎಲ್ಲೈತೆ?'

ಇನ್ನು ಮೊಬೈಲ್ ಕಥೆ. ಮಾವನ ಒಡಪಿನ ವಿಡಿಯೊ ಒಂದು ಚಾನೆಲ್‌ನಲ್ಲಿ ಜಾಹೀರಾತಿನ ಸಮೇತ ಓಡುತ್ತಿದೆ. ಹಾಕಿದವರು ಯಾರು ಅಂತ ಅವರಿಗೆ ಗೊತ್ತಿಲ್ಲ. ನಮ್ಮ ಕಾಪಿರೈಟ್ ಕಾಯ್ದೆಗೆ 1994ರಲ್ಲೇ ಪ್ರದರ್ಶಕರ ಹಕ್ಕು ಸೇರಿತು. 2012ರ ತಿದ್ದುಪಡಿ ಅದನ್ನು ಗಟ್ಟಿ ಮಾಡಿ, ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ರಾಯಧನ ಕೊಡಬೇಕು ಅಂದಿತು. ಈ ಕಾಯ್ದೆಯ ಪ್ರಕಾರ ಪ್ರದರ್ಶಕ ಅಂದರೆ ನಟ, ಗಾಯಕ ಅಷ್ಟೇ ಅಲ್ಲ, ದೊಂಬರಾಟದವರು, ಹಾವಾಡಿಗರು ಕೂಡ ಬರುತ್ತಾರೆ. ಎಷ್ಟು ಉದಾರ ಅಲ್ವಾ? ಆದರೆ ಹಾವಾಡಿಗನ ಪರವಾಗಿ ಯಾರಾದರೂ ರಾಯಧನ ವಸೂಲಿ ಮಾಡಿಕೊಟ್ಟಿದ್ದನ್ನು ನಾನಂತೂ ಕೇಳಿಲ್ಲ. ಸಿನಿಮಾ ಹಾಡುಗಾರರು 2013ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡು ರಾಯಧನಕ್ಕೆ ಹೋರಾಡಿದರು. ಅವರಿಗೆ ಹೆಸರಿತ್ತು, ವಕೀಲರಿದ್ದರು. ಫ್ರಾನ್ಸಿನಲ್ಲಿ ಪ್ರದರ್ಶಕರಿಗೆ ಹಕ್ಕು ಕೊಟ್ಟ 1985ರ ಕಾನೂನು ಬಂದಾಗಿನಿಂದ ಈ ವಸೂಲಿಯನ್ನು ಸಂಘಗಳೇ ಮಾಡುತ್ತವೆ. ಖಾಲಿ ಸಿಡಿ, ಪೆನ್ ಡ್ರೈವ್, ಫೋನ್ ಮಾರಾಟವಾದರೂ ಜನ ತಮ್ಮ ಬಳಕೆಗೆ ಹಾಡು, ಸಿನಿಮಾ ನಕಲು ಮಾಡಿಕೊಳ್ಳುತ್ತಾರೆ ಅನ್ನುವ ಲೆಕ್ಕದಲ್ಲಿ ಕಲಾವಿದರಿಗೊಂದು ಪಾಲು ಬರುತ್ತದೆ. ಸಣ್ಣ ಕಲಾವಿದನಿಗೆ ಅದರಿಂದ ಮನೆ ನಡೆಯುವುದಿಲ್ಲ, ಆ ಮಾತು ಬೇರೆ.

ಅಲ್ಲಿ ಮನೆ ನಡೆಸುವುದು ಇನ್ನೊಂದು ವ್ಯವಸ್ಥೆ. ಹನ್ನೆರಡು ತಿಂಗಳಲ್ಲಿ 507 ಗಂಟೆ ಕೆಲಸ ಮಾಡಿದ್ದೇನೆ ಅಂತ ತೋರಿಸಿದ ಕಲಾವಿದನಿಗೆ ಕೆಲಸವಿಲ್ಲದ ದಿನಗಳಿಗೂ ಭತ್ಯೆ ಸಿಗುತ್ತದೆ. ಒಂದು ಪ್ರದರ್ಶನದ ಸಂಭಾವನೆಯನ್ನು 12 ಗಂಟೆ ಅಂತ ಹಿಡಿಯುತ್ತಾರೆ. ಅಂದರೆ ವರ್ಷಕ್ಕೆ 43 ಪ್ರದರ್ಶನ. ವೇದಿಕೆಯ ಮೇಲೆ ಕಾಣುವುದು ಒಂದು ಗಂಟೆ, ಅದರ ಹಿಂದೆ ತಾಲೀಮು, ಪ್ರಯಾಣ ಇರುತ್ತದಲ್ಲ. ಕಾರ್ತಿಕದಲ್ಲಿ, ಜಾತ್ರೆಗಳ ಕಾಲದಲ್ಲಿ ಪುರುಸೊತ್ತಿಲ್ಲದೆ ಕುಣಿದು, ಮಳೆಗಾಲದಲ್ಲಿ ತೋಟದ ಕೂಲಿಗೆ ಹೋಗುವ ನಮ್ಮವರಿಗೆ ಈ ಲೆಕ್ಕ ಹೇಗೆ ಅನ್ವಯಿಸುತ್ತದೆ ಅಂತ ನಾನು ಎಷ್ಟೋ ಸಲ ಕೂತು ಯೋಚಿಸಿದ್ದೇನೆ.

ಇದನ್ನೇನೂ ಯಾರೂ ತಟ್ಟೆಯಲ್ಲಿಟ್ಟು ಕೊಡಲಿಲ್ಲ. 2003ರಲ್ಲಿ ಭತ್ಯೆಯ ನಿಯಮ ಬಿಗಿ ಮಾಡಲು ಹೊರಟಾಗ ಕಲಾವಿದರು ಮುಷ್ಕರ ಹೂಡಿದರು. ಆ ವರ್ಷ ಆವಿನ್ಯೋನ್ ನಾಟಕೋತ್ಸವವೇ ರದ್ದಾಯಿತು. ಗೊಣಗಾಟವೂ ಇದೆ. ಕಲಾವಿದನ ಕೈಗೆ ನೂರು ಯೂರೊ ಸೇರಬೇಕಾದರೆ ಕರೆಸಿದವನಿಗೆ ಹೆಚ್ಚುಕಡಿಮೆ ಇನ್ನೂರು ಖರ್ಚು ಅಂತ ಕೆಫೆಗಳವರು ಗೋಳಾಡುತ್ತಾರೆ. ಕಣ್ಣು ತಪ್ಪಿಸಿ ನಗದು ಕೊಟ್ಟು ಕಳಿಸುವವರು ಅಲ್ಲೂ ಇದ್ದಾರೆ. ಈ ಹೊರೆಯನ್ನು ಹಾಗೆಹಾಗೇ ತಂದು ನಮ್ಮ ಊರ ಹಬ್ಬದ ಸಮಿತಿಯ ತಲೆಮೇಲೆ ಇಟ್ಟರೆ ಅವರು ವೀರಗಾಸೆಯನ್ನೇ ಕೈಬಿಟ್ಟು ಇನ್ನೊಂದು ಡಿಜೆ ತರುತ್ತಾರೆ.

ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಮಾವ ನಮ್ಮೂರ ವೀರಭದ್ರನ ಕೆಂಡದ ದಿನ ಕುಣಿಯುವುದು ಸೇವೆ. ಅದಕ್ಕೆ ದುಡ್ಡು ಕೊಡಲು ಹೋದರೆ ಬೈತಾರೆ. ಫ್ರಾನ್ಸಿನ 2016ರ ಕಾನೂನು ಕೂಡ ಹವ್ಯಾಸಕ್ಕೆ ಹಾಡಿ ಕುಣಿಯುವವರನ್ನು ಈ ನೌಕರ ನಿಯಮದಿಂದ ಹೊರಗಿಟ್ಟಿದೆ. ಆದರೆ ಮೆರವಣಿಗೆ ಸೇವೆಯಲ್ಲ. ಮುಳ್ಳಯ್ಯನಗಿರಿ ಕಡೆಯ ರೆಸಾರ್ಟಿನಲ್ಲಿ ವಾರದ ಕೊನೆಗೆ ಬೆಂಕಿ ಹಾಕಿ, ಅತಿಥಿಗಳ ಮುಂದೆ 'ಲೋಕಲ್ ಕಲ್ಚರ್' ಅಂತ ಕುಣಿಸುವುದಂತೂ ಖಂಡಿತ ಸೇವೆಯಲ್ಲ. ರೂಮಿನ ಬಾಡಿಗೆಯಲ್ಲಿ ಆ ಕುಣಿತದ ದುಡ್ಡೂ ಸೇರಿರುತ್ತದೆ. ಅಲ್ಲಿ ಲೆಕ್ಕ ಬರೆಯುವವನಿದ್ದಾನೆ, ಜಿಎಸ್‌ಟಿ ಕಟ್ಟುವವನಿದ್ದಾನೆ. ಇನ್ನೊಂದು ಸಾಲು ಸೇರಿಸಿದರೆ ಅವನ ಕೈಯೇನೂ ಸವೆಯಲ್ಲ.

ನಾನು ಕೇಳುವುದು ಇಷ್ಟೇ. ದುಡ್ಡು ಮಾಡುವ ಜಾಗಕ್ಕೆ ಕಲಾವಿದನನ್ನು ಕರೆಸಿದವನು ಆ ದಿನದ ಮಾಲೀಕ ಅಂತ ಕಾನೂನು ಹೇಳಲಿ. ಒಂದು ಪುಟದ ಕನ್ನಡ ಫಾರಂ ಇರಲಿ: ಎಷ್ಟು ಜನ, ಎಷ್ಟು ಕೂಲಿ, ಯಾವತ್ತು ಕೊಡುತ್ತೇವೆ, ವಿಡಿಯೊ ಮಾಡಿ ಹಾಕಬಹುದೋ ಇಲ್ಲವೋ. ದುಡ್ಡು ತಂಡದ ಯಜಮಾನನೊಬ್ಬನ ಖಾತೆಗೆ ಬೀಳುವ ಬದಲು ಕುಣಿದ ಪ್ರತಿಯೊಬ್ಬನ ಖಾತೆಗೂ ಬೀಳಲಿ. ಕೆನ್ನೆಗೆ ಶಸ್ತ್ರ ಹಾಕಿಸಿಕೊಂಡು ಕುಣಿಯುವವರಿದ್ದಾರೆ, ಆ ದಿನದ ಮಟ್ಟಿಗೆ ವಿಮೆ ಇರಲಿ. ಹಳ್ಳಿಯ ಸಮಿತಿಗಳಿಗೆ ಸದ್ಯ ವಿನಾಯಿತಿ ಕೊಡಬಹುದು. ಮೊದಲು ಸರ್ಕಾರದ ಉತ್ಸವಗಳಿಂದಲೇ ಶುರು ಮಾಡಲಿ. ಅಲ್ಲಿ ಮಾಲೀಕ ಯಾರು ಅಂತ ಹುಡುಕುವ ಕೆಲಸವೂ ಇಲ್ಲ.