ಸರ್ಟಿಫಿಕೇಟ್ ಬರೋವರೆಗೂ ಮಗು ಹೇಗೆ ಕಾಯಬೇಕು?

"ಮೊದಲು ಡಾಕ್ಟರ್ ಸರ್ಟಿಫಿಕೇಟ್ ತನ್ನಿ, ಆಮೇಲೆ ನೋಡೋಣ." ಆಟಿಸಂ (ಜನರೊಡನೆ ಬೆರೆಯೋದು, ಸದ್ದು, ಬದಲಾವಣೆ ಇವೆಲ್ಲ ಕಷ್ಟವಾಗಬಹುದಾದ, ಮೆದುಳಿನ ಬೆಳವಣಿಗೆಯಲ್ಲಿನ ಒಂದು ಭಿನ್ನತೆ) ಇರಬಹುದು ಅನ್ನೋ ಅನುಮಾನವಿರುವ ಮಕ್ಕಳ ತಾಯಂದಿರಿಗೆ ಶಾಲೆಗಳು ಹೇಳುವ ಈ ಮಾತು ನನಗೆ ಒಪ್ಪಿಗೆಯಿಲ್ಲ.

ನಮ್ಮಕ್ಕನ ಮಗ ಈ ಜೂನ್‌ನಲ್ಲಿ ಮಂಡ್ಯದ ಒಂದು ಸರ್ಕಾರಿ ಹೈಸ್ಕೂಲಿಗೆ ಎಂಟನೇ ಕ್ಲಾಸಿಗೆ ಸೇರಿದ. ಊರಿನ ಶಾಲೆಯಲ್ಲಿ ಇದ್ದ ಮಕ್ಕಳೇ ಕಡಿಮೆ, ಮೇಷ್ಟ್ರು ಹಳಬರು, ಕೂರುವ ಜಾಗ ಗೊತ್ತಿತ್ತು. ಇಲ್ಲಿ ಪೀರಿಯಡ್‌ಗೊಬ್ಬ ಟೀಚರ್. ಬೆಲ್ ಹೊಡೆದರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಾನೆ. ಬಿಸಿಯೂಟದ ಹೊತ್ತಿಗೆ ಸ್ಟೀಲ್ ತಟ್ಟೆಗಳ ಸದ್ದು ಶುರುವಾದರೆ ಎದ್ದು ಕಾಂಪೌಂಡ್ ಕಡೆ ಹೋಗಿಬಿಡುತ್ತಾನೆ. ಅನ್ನ, ಸಾರು ಬೇರೆ ಬೇರೆ ಇರಬೇಕು. ಒಂದಕ್ಕೊಂದು ತಾಗಿದರೆ ಹಸಿದಿದ್ದರೂ ಮುಟ್ಟಲ್ಲ. ಇದಕ್ಕೆಲ್ಲ ಶಾಲೆಯಲ್ಲಿ "ಹಠ" ಅಂದರು. ನೆಂಟರು "ಮುದ್ದು ಜಾಸ್ತಿಯಾಯ್ತು" ಅಂದರು.

ಇದು ಆಟಿಸಂ ಇರಬಹುದಾ ಅಂತ ತಪಾಸಣೆ ಮಾಡಿಸೋಕೆ ಅಕ್ಕ ಅವನನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರ್ಕೊಂಡು ಹೋಗ್ತಿದ್ದಾಳೆ. ಆಟಿಸಂ ರಕ್ತ ಪರೀಕ್ಷೆಯಲ್ಲೋ ಸ್ಕ್ಯಾನಿಂಗ್‌ನಲ್ಲೋ ಗೊತ್ತಾಗುವಂಥದ್ದಲ್ಲ. ಮಗುವನ್ನು ಗಮನಿಸಬೇಕು, ಚಿಕ್ಕಂದಿನಿಂದ ಹೇಗಿತ್ತು ಅಂತ ಹೆತ್ತವರನ್ನು ಕೇಳಬೇಕು. ಅದಕ್ಕೆ ಸಮಯ ಹಿಡಿಯುತ್ತೆ, ಹಿಡಿಯಲೇಬೇಕು.

ಕಾಗದ ಬೇಡ ಅಂತ ನಾನು ಹೇಳ್ತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಕೇಳೋಕೆ ಪ್ರಮಾಣಪತ್ರ ಬೇಕೇ ಬೇಕು. ಆದರೆ ದಿನಾ ಒಂದೇ ಬೆಂಚಲ್ಲಿ ಕೂರಿಸೋಕೆ ಯಾವ ಡಾಕ್ಟರ ಸಹಿ ಬೇಕು ಹೇಳಿ?

ಅವರ ಗಣಿತದ ಮೇಡಂ ಯಾರನ್ನೂ ಏನೂ ಕೇಳಲಿಲ್ಲ. ಒಂದು ರಟ್ಟಿನ ಮೇಲೆ ಟೈಮ್‌ಟೇಬಲ್ ಬರೆದು, ಪ್ರತಿ ಪೀರಿಯಡ್ ಎದುರಿಗೆ ಟೀಚರ್ ಹೆಸರು ಹಾಕಿ ಅವನ ಕೈಗೆ ಕೊಟ್ಟರು. ಪೀರಿಯಡ್ ಮುಗಿಯೋ ಮುಂಚೆ ಅವನ ಬೆಂಚಿನ ಹತ್ತಿರ ಬಂದು "ಈಗ ಬೆಲ್ ಆಗುತ್ತೆ ಕಣಪ್ಪ" ಅಂತಾರೆ. "ನನ್ನ ಮುಖ ನೋಡಿ ಮಾತಾಡು" ಅಂತ ಒತ್ತಾಯ ಮಾಡಲ್ಲ. ಮಿಕ್ಕ ಮಕ್ಕಳಿಗಿಂತ ಸ್ವಲ್ಪ ಮುಂಚೆ ಊಟಕ್ಕೆ ಕಳಿಸೋ ವ್ಯವಸ್ಥೆಯನ್ನೂ ಅವರೇ ಮಾಡಿಸಿದರು. ಈಗ ಅವನು ಊಟ ಮಾಡ್ತಾನೆ. ಸಮಾಜ ವಿಜ್ಞಾನದ ಪೀರಿಯಡ್ ಇನ್ನೂ ಕಷ್ಟವೇ, ಅಲ್ಲಿ ಗಲಾಟೆ ಜಾಸ್ತಿ.

ನಾಳೆ ಪರೀಕ್ಷೆಯಲ್ಲಿ "ಆಟಿಸಂ ಅಲ್ಲ" ಅಂತ ಬಂದರೂ ಇದರಲ್ಲಿ ನಷ್ಟ ಯಾರಿಗೆ? ಏನೂ ಮಾಡದೆ ಕೂತರೆ ಮಾತ್ರ ನಷ್ಟ ಖಂಡಿತ. ಮೊದಲ ಕೆಲವು ತಿಂಗಳಲ್ಲೇ ಶಾಲೆ ಅಂದರೆ ಭಯ ಅಂತಾಗಿಬಿಟ್ಟರೆ, ಆಮೇಲೆ ಸರ್ಟಿಫಿಕೇಟ್ ತಂದು ಯಾರಿಗೆ ತೋರಿಸೋದು?

ಹೆತ್ತವರಿಗೂ ಒಂದು ಮಾತು. ಮಗುವಿಗೆ ಯಾವುದರಿಂದ ಹಿಂಸೆ ಆಗುತ್ತೆ, ಏನು ಮಾಡಿದರೆ ಸಮಾಧಾನ ಆಗುತ್ತೆ ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲ ಟೀಚರ್‌ಗಳಿಗೂ ಕೊಡಿ. ರಜೆಯಲ್ಲೇ ಒಮ್ಮೆ ಖಾಲಿ ಶಾಲೆ ತೋರಿಸಿ, ಟಾಯ್ಲೆಟ್ ಎಲ್ಲಿದೆ ಅನ್ನೋದೂ ಸೇರಿ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರ ಬಗ್ಗೆ ನಿಮ್ಮ ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ) ವಿಚಾರಿಸಿ. ಸಂಕೋಚ ಬೇಡ, ಅವರಿರೋದೇ ಈ ಮಕ್ಕಳಿಗಾಗಿ.