ರಾತ್ರಿ ಎರಡು ಗಂಟೆಗೆ ಹೌಸ್ ಸರ್ಜನ್ ಪಕ್ಕದಲ್ಲಿ ಒಬ್ಬ ಸೀನಿಯರ್ ಇರಲೇಬೇಕು

ಹೌಸ್ ಸರ್ಜನ್‌ಗಳ ವಿಷಯ ಬಂದರೆ ಹಾಸನದಲ್ಲಿ ನನ್ನ ಕಿವಿಗೆ ಬೀಳುವುದು ಎರಡು ಮಾತು. ರೋಗಿಯ ಕಡೆಯವರು "ಕಲಿಯುವ ಮಕ್ಕಳ ಕೈಗೆ ನಮ್ಮನ್ನು ಒಪ್ಪಿಸಿಬಿಟ್ಟರು" ಎನ್ನುತ್ತಾರೆ. ಹಿರಿಯ ವೈದ್ಯರಲ್ಲಿ ಕೆಲವರು "ನಾವು ಇದಕ್ಕಿಂತ ಹೆಚ್ಚು ದುಡಿದಿದ್ದೇವೆ, ಈಗಿನವರಿಗೆ ಮೈ ಬಗ್ಗುವುದಿಲ್ಲ" ಎನ್ನುತ್ತಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ನಾನು ಶುಶ್ರೂಷಾಧಿಕಾರಿ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಬೇರೆ ಆಸ್ಪತ್ರೆಗಳಲ್ಲಿ, ಹೆಚ್ಚಾಗಿ ಕ್ಯಾಶುವಾಲ್ಟಿಯಲ್ಲಿ ಮತ್ತು ಮೆಡಿಸಿನ್ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ವರ್ಷ ವರ್ಷವೂ ಹೊಸ ತಂಡ ಬರುವುದನ್ನೂ ಹಳೆಯ ತಂಡ ಹೋಗುವುದನ್ನೂ ಹತ್ತಿರದಿಂದ ನೋಡಿದ್ದೇನೆ. ಯಾವುದೋ ಒಂದು ಆಸ್ಪತ್ರೆಯನ್ನು ದೂರಲು ಇದನ್ನು ಬರೆಯುತ್ತಿಲ್ಲ. ಎಲ್ಲ ಕಡೆ ಒಂದೇ ರೀತಿ ಕಂಡದ್ದಕ್ಕೇ ಬರೆಯುತ್ತಿದ್ದೇನೆ.

ಮೊದಲು, ಈ ಹೌಸ್ ಸರ್ಜನ್ ಯಾರು ಎನ್ನುವುದು. ನಾಲ್ಕೂವರೆ ವರ್ಷ ಎಂಬಿಬಿಎಸ್ ಓದಿ, ಪರೀಕ್ಷೆಯೆಲ್ಲ ಮುಗಿಸಿ, ಕಡ್ಡಾಯವಾಗಿ ಒಂದು ವರ್ಷ ಆಸ್ಪತ್ರೆಯ ಎಲ್ಲ ವಿಭಾಗಗಳಲ್ಲಿ ಸುತ್ತಿ ಕೆಲಸ ಮಾಡುವವರು. ಪುಸ್ತಕದಲ್ಲಿ ಓದಿದ್ದು ಕೈಗೆ ಇಳಿಯಬೇಕಾದದ್ದು ಈ ಒಂದು ವರ್ಷದಲ್ಲಿ. ಅದಾದ ಮೇಲೆ ಅನೇಕರು, 2012ರ ಕಡ್ಡಾಯ ಸೇವಾ ಕಾಯ್ದೆಯಡಿಯೋ ಗುತ್ತಿಗೆಯ ಮೇಲೋ, ಮೂಡಿಗೆರೆ, ಶೃಂಗೇರಿ, ಆಲೂರು ಕಡೆಯ ಯಾವುದಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬರೇ ಕೂರುತ್ತಾರೆ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದ ದಿನ ಅವರಿಗೆ ರೆಫರ್ ಮಾಡುವ ದಾರಿಯೂ ಇರುವುದಿಲ್ಲ. ಈ ವರ್ಷ ಅವರು ಏನು ಕಲಿತರು, ಯಾರಿಂದ ಕಲಿತರು ಎನ್ನುವುದು ಆ ಊರಿನ ಜನರ ಪ್ರಾಣದ ಪ್ರಶ್ನೆ.

ಹಾಗಾದರೆ ಆ ವರ್ಷ ಹೇಗೆ ಕಳೆಯುತ್ತದೆ? ರಕ್ತ ಎಳೆಯುವುದು, ಬಾಟಲಿಗೆ ಹೆಸರು ಅಂಟಿಸುವುದು, ಅದನ್ನು ತಾವೇ ಲ್ಯಾಬಿಗೆ ಒಯ್ಯುವುದು, ವರದಿಗಾಗಿ ಕಿಟಕಿಯ ಮುಂದೆ ನಿಲ್ಲುವುದು, ಬ್ಲಡ್ ಬ್ಯಾಂಕಿಗೆ ಓಡುವುದು, ಎಕ್ಸ್‌ರೇಗೆ ಟ್ರಾಲಿ ತಳ್ಳುವುದು, ಡಿಸ್ಚಾರ್ಜ್ ಸಾರಾಂಶ ನಕಲು ಮಾಡುವುದು, ಆಯುಷ್ಮಾನ್ ಕಾರ್ಡಿನ ಅರ್ಜಿ ತುಂಬುವುದು. ಈ ಕೆಲಸಗಳು ಕೀಳೆಂದು ನಾನು ಹೇಳುತ್ತಿಲ್ಲ. ರಕ್ತ ಎಳೆಯುವುದನ್ನು ಚೆನ್ನಾಗಿ ಕಲಿಯದವರು ಒಳ್ಳೆಯ ವೈದ್ಯರಾಗುವುದಿಲ್ಲ. ಆದರೆ ಕೈ ಪಳಗಿದ ಮೇಲೂ ದಿನವಿಡೀ ಅದನ್ನೇ ಮಾಡಿಸಿದರೆ ಅದು ತರಬೇತಿಯಲ್ಲ, ಖಾಲಿ ಬಿದ್ದಿರುವ ಡಿ ಗ್ರೂಪ್ ಮತ್ತು ತಂತ್ರಜ್ಞರ ಹುದ್ದೆಗಳ ಭರ್ತಿ. ಬೆಳಿಗ್ಗೆ ರೌಂಡ್ಸ್‌ನಲ್ಲಿ ಪ್ರಾಧ್ಯಾಪಕರು ರೋಗಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ವಿವರಿಸುವ ಹೊತ್ತಿಗೆ ಹೌಸ್ ಸರ್ಜನ್ ಲ್ಯಾಬಿನ ಸಾಲಿನಲ್ಲಿರುತ್ತಾನೆ. ಇದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಕೀಟನಾಶಕ ಸೇವಿಸಿ ಬಂದವರ ಚಿಕಿತ್ಸೆಯ ವಿಷಯವನ್ನೇ ಹೇಳುತ್ತೇನೆ. ಆಲೂಗಡ್ಡೆ, ಶುಂಠಿ, ಕಾಫಿ ಬೆಳೆಯುವ ನಮ್ಮ ಸೀಮೆಯ ಕ್ಯಾಶುವಾಲ್ಟಿಗೆ ಇದು ಹೊಸದಲ್ಲ. ವಿಷದ ಪರಿಣಾಮ ತಡೆಯುವ ಅಟ್ರೋಪಿನ್ ಔಷಧ ಕೊಡಬೇಕು, ಐದೈದು ನಿಮಿಷಕ್ಕೊಮ್ಮೆ ನೋಡಬೇಕು, ಸಾಲದಿದ್ದರೆ ಪ್ರಮಾಣ ಇಮ್ಮಡಿ ಮಾಡುತ್ತಾ ಹೋಗಬೇಕು. ಎದೆಯ ಗೊರಗೊರ ಸದ್ದು ನಿಂತಿತೇ, ನಾಡಿ ಏರಿತೇ, ರಕ್ತದೊತ್ತಡ ಸ್ಥಿರವಾಯಿತೇ ಎಂದು ಕಾಯಬೇಕು. ಹೆಚ್ಚಾದರೆ ರೋಗಿ ಬಡಬಡಿಸತೊಡಗುತ್ತಾನೆ, ಜ್ವರ ಏರುತ್ತದೆ. ಕಡಿಮೆಯಾದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಇಡೀ ರಾತ್ರಿ ಒಬ್ಬರು ಮಂಚದ ಪಕ್ಕ ಕುಳಿತು ಮಾಡುವ ಕೆಲಸ ಇದು. ಕೂತವರ ಕಣ್ಣು ಮುಚ್ಚಿಹೋಗಬಾರದು.

ಒಬ್ಬ ಸಹಾಯಕ ಪ್ರಾಧ್ಯಾಪಕರು ಇಂಥ ರಾತ್ರಿ ಹೌಸ್ ಸರ್ಜನ್ ಹುಡುಗಿಯ ಜೊತೆ ಸ್ಟೂಲ್ ಎಳೆದುಕೊಂಡು ಕುಳಿತದ್ದನ್ನು ನಾನು ನೋಡಿದ್ದೇನೆ. ಅವಳು ಟಾರ್ಚ್ ಹಿಡಿದು ಕಣ್ಣಿನ ಪಾಪೆಯನ್ನೇ ನೋಡುತ್ತಿದ್ದಳು. "ಪಾಪೆ ನಿಧಾನವಾಗಿ ಹಿಗ್ಗುತ್ತದಮ್ಮ, ಎದೆ ಕೇಳು" ಎಂದು ಅವರು ಅವಳ ಸ್ಟೆತಸ್ಕೋಪನ್ನು ಸರಿಯಾದ ಜಾಗದಲ್ಲಿ ಇರಿಸಿದರು. ಪ್ರತಿ ಡೋಸನ್ನೂ ಅವಳ ಕೈಯಲ್ಲೇ ಚಾರ್ಟಿಗೆ ಬರೆಸಿದರು. ಮರುದಿನ, ರೋಗಿ ಗೆಲುವಾಗಿ ಮಾತನಾಡುತ್ತಿದ್ದಾಗ, ಅವಳನ್ನು ಮತ್ತೆ ಕರೆದು "ದಿಂಬಿನಿಂದ ತಲೆ ಎತ್ತಲು ಹೇಳು" ಎಂದರು. ರೋಗಿಗೆ ತಲೆ ಎತ್ತಲು ಆಗಲಿಲ್ಲ. ವಿಷ ಸೇವಿಸಿದ ಒಂದರಿಂದ ನಾಲ್ಕು ದಿನಗಳ ಒಳಗೆ ಕತ್ತಿನ ಸ್ನಾಯು ಸೋಲುವುದು, ಮುಂದೆ ಉಸಿರಾಟವೇ ನಿಲ್ಲಬಹುದು ಎಂಬುದರ ಮುನ್ಸೂಚನೆ. ಸಂಜೆಯೊಳಗೆ ಆ ರೋಗಿ ವೆಂಟಿಲೇಟರ್ ಮೇಲಿದ್ದರು, ಆಮೇಲೆ ಬದುಕಿ ಮನೆಗೆ ಹೋದರು. ಆ ಹುಡುಗಿ ಈಗ ಎಲ್ಲಿದ್ದರೂ ಪ್ರತಿ ವಿಷದ ರೋಗಿಗೂ ತಲೆ ಎತ್ತಲು ಹೇಳುತ್ತಾಳೆ ಎಂದು ನನಗೆ ಖಾತ್ರಿಯಿದೆ.

ಇಂಥ ರಾತ್ರಿಗಳು ಅಪರೂಪ. ಸಾಮಾನ್ಯವಾಗಿ ಹೌಸ್ ಸರ್ಜನ್ ಒಬ್ಬಳೇ ಇರುತ್ತಾಳೆ. ಪಿಜಿ, ಅಂದರೆ ಎಂಬಿಬಿಎಸ್ ಮುಗಿಸಿ ಸ್ನಾತಕೋತ್ತರ ಓದುತ್ತಿರುವ ವೈದ್ಯರು, ಇದ್ದರೆ ಅವರು ಐಸಿಯುವಿನಲ್ಲೋ ಇನ್ನೊಂದು ವಾರ್ಡಿನ ಕರೆಯ ಮೇಲೋ ಇರುತ್ತಾರೆ. ಅವರ ಮೇಲಿನವರು ಫೋನಿನಲ್ಲಿ ಇರುತ್ತಾರೆ. "ದೊಡ್ಡ ಡಾಕ್ಟರು ಯಾವಾಗ ಬರುತ್ತಾರಮ್ಮ?" ಎಂದು ರೋಗಿಯ ತಾಯಿ ಕೇಳಿದರೆ ಹುಡುಗಿ ತಲೆ ತಗ್ಗಿಸುತ್ತಾಳೆ. ಆಮೇಲೆ ನನ್ನ ಬಳಿ ಬಂದು "ಸಿಸ್ಟರ್, ಇನ್ನೊಂದು ಡೋಸ್ ಕೊಡಲೇ?" ಎಂದು ಮೆಲ್ಲಗೆ ಕೇಳುತ್ತಾಳೆ. ನನಗೆ ತಿಳಿದದ್ದನ್ನು ಹೇಳಿಕೊಡುತ್ತೇನೆ. ನನ್ನಂತೆ ಎಷ್ಟೋ ಸಿಸ್ಟರುಗಳು ಹೇಳಿಕೊಟ್ಟಿದ್ದಾರೆ, ಅದರಲ್ಲಿ ನಮಗೆ ಹೆಮ್ಮೆಯೂ ಇದೆ. ಆದರೆ ಇಪ್ಪತ್ತು ಮೂವತ್ತು ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಬಿಡುವಾದಾಗ ಹೇಳಿಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವುದು ವೈದ್ಯಕೀಯ ಶಿಕ್ಷಣದ ಏರ್ಪಾಡಾಗಬಾರದು.

ಇನ್ನು ದುಡಿಮೆಯ ಹೊತ್ತು. ಬೆಳಿಗ್ಗೆ ಬಂದವರು ಆ ದಿನವೆಲ್ಲ ಇದ್ದು, ರಾತ್ರಿಯೆಲ್ಲ ಇದ್ದು, ಮರುದಿನ ರೌಂಡ್ಸ್ ಮುಗಿಸಿ ಸಂಜೆ ಹೋಗುವುದು ಪಿಜಿಗಳಿಗೆ ಸಹಜವೆಂಬಂತಾಗಿದೆ. ಕೇಂದ್ರ ಆರೋಗ್ಯ ಸಚಿವಾಲಯದ 1992ರ ಸೂಚನೆಯಲ್ಲೇ, ರೆಸಿಡೆಂಟ್ ವೈದ್ಯರ, ಅಂದರೆ ಈ ಪಿಜಿಗಳಂಥವರ, ನಿರಂತರ ಕರ್ತವ್ಯ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು ಎಂದಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಗಳು ವಾರಕ್ಕೊಂದು ರಜೆ, ವರ್ಷಕ್ಕೆ 20 ದಿನಗಳ ರಜೆ ಕೊಡಬೇಕೆನ್ನುತ್ತವೆ. ಕೆಲಸದ ಅವಧಿ ಮಾತ್ರ ಎಷ್ಟೆಂದು ಅಂಕಿಯಲ್ಲಿ ಹೇಳುವುದಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಅದೇ ಆಯೋಗ ರಚಿಸಿದ ಕಾರ್ಯಪಡೆ 2024ರಲ್ಲಿ, ವಾರಕ್ಕೆ 74 ಗಂಟೆ ಮೀರಬಾರದು, ಒಂದು ಪೂರ್ತಿ ದಿನ ಬಿಡುವು ಇರಬೇಕು ಎಂದು ಶಿಫಾರಸು ಮಾಡಿತು. ಆ 74 ಗಂಟೆ ಕೂಡ ನಮ್ಮ ಕಚೇರಿಗಳ ನೌಕರರ ವಾರಕ್ಕಿಂತ ಎಷ್ಟು ಹೆಚ್ಚೆಂದು ನೀವೇ ಲೆಕ್ಕ ಹಾಕಿ. ಕಾಗದದಲ್ಲಿ ಎಲ್ಲವೂ ಇದೆ, ಗೋಡೆಗೆ ಅಂಟಿಸಿದ ಡ್ಯೂಟಿ ಪಟ್ಟಿಯಲ್ಲಿ ಇಲ್ಲ.

ನಿದ್ದೆಗೆಟ್ಟವರು ಗಟ್ಟಿಗರಾಗುತ್ತಾರೆ ಎನ್ನುವವರು ಒಂದು ಅಧ್ಯಯನವನ್ನು ಗಮನಿಸಬೇಕು. 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದದ್ದು, ಆಸ್ಟ್ರೇಲಿಯಾದವರು ಮಾಡಿದ್ದು. ಸತತ 17 ಗಂಟೆ ಎಚ್ಚರವಿದ್ದವರ ಕೈ ಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ ಶೇ. 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆಯಾದರೆ ಸುಮಾರು ಶೇ. 0.10ರ ಮಟ್ಟಕ್ಕೆ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಚಾಲಕರಿಗಿರುವ ಮಿತಿ ಶೇ. 0.03. ಹಾಸನದ ಬಿ.ಎಂ. ರಸ್ತೆಯಲ್ಲಿ ಪೊಲೀಸರು ಯಾವ ಸ್ಥಿತಿಯಲ್ಲಿರುವವರ ಕೈಯಿಂದ ಗಾಡಿಯ ಕೀ ಕಿತ್ತುಕೊಳ್ಳುತ್ತಾರೋ, ಅದಕ್ಕಿಂತ ಕೆಟ್ಟ ಸ್ಥಿತಿಯಲ್ಲಿರುವವರ ಕೈಗೆ ನಾವು ಸಿರಿಂಜ್ ಕೊಡುತ್ತಿದ್ದೇವೆ. ಬೋಸ್ಟನ್‌ನ ಒಂದು ಆಸ್ಪತ್ರೆಯ ಐಸಿಯುಗಳಲ್ಲಿ ಇಂಟರ್ನ್‌ಗಳ ದೀರ್ಘ ಪಾಳಿಯನ್ನು ಮೊಟಕುಗೊಳಿಸಿ ಹೋಲಿಸಿ ನೋಡಿದರು. ಹಳೆಯ ಪದ್ಧತಿಯಲ್ಲಿ ದುಡಿದವರು ಮಾಡಿದ ಗಂಭೀರ ತಪ್ಪುಗಳು ಸುಮಾರು ಶೇ. 36ರಷ್ಟು ಹೆಚ್ಚಿದ್ದವೆಂದು 2004ರಲ್ಲಿ ಪ್ರಕಟಿಸಿದರು. ಪಾಳಿ ಮುಗಿಸಿ ದ್ವಿಚಕ್ರ ವಾಹನದಲ್ಲಿ ಮನೆಗೆ ಹೊರಡುವ ನಮ್ಮ ಮಕ್ಕಳನ್ನು ನೋಡಿದಾಗಲೂ ನನಗೆ ಇದೇ ಭಯ.

ಹಿರಿಯರು ಎತ್ತುವ ಒಂದು ಆಕ್ಷೇಪ ಮಾತ್ರ ತೂಕದ್ದು. ರೋಗಿಯ ಜೊತೆ ಮೊದಲಿನಿಂದ ಕೊನೆಯವರೆಗೆ ಇದ್ದರೆ ಮಾತ್ರ ರೋಗ ಹೇಗೆ ತಿರುಗುತ್ತದೆಂದು ತಿಳಿಯುತ್ತದೆ, ಪಾಳಿ ಚಿಕ್ಕದಾದರೆ ಒಬ್ಬರಿಂದ ಒಬ್ಬರಿಗೆ ದಾಟುವಾಗ ವಿವರಗಳು ಸೋರಿಹೋಗುತ್ತವೆ ಎನ್ನುತ್ತಾರೆ. ಇದಕ್ಕೆ ಉತ್ತರ ನಮ್ಮ ನರ್ಸಿಂಗ್ ಸ್ಟೇಷನ್‌ನಲ್ಲೇ ಇದೆ. ನಾವು ದಿನಕ್ಕೆ ಮೂರು ಸಲ ಪಾಳಿ ಬದಲಿಸುತ್ತೇವೆ. ಮಂಚದಿಂದ ಮಂಚಕ್ಕೆ ಹೋಗಿ, ಯಾವ ಡ್ರಿಪ್ ಓಡುತ್ತಿದೆ, ಮೂತ್ರ ಎಷ್ಟಾಗಿದೆ, ಯಾವ ವರದಿ ಬರಬೇಕಿದೆ, ರಾತ್ರಿ ಯಾರ ಮೇಲೆ ಕಣ್ಣಿಡಬೇಕು ಎಂದು ರೋಗಿಯ ಎದುರೇ ಒಪ್ಪಿಸಿ ಹೋಗುತ್ತೇವೆ. ಮನೆಗೆ ಹೋಗಿ ಮಲಗಿದ್ದರಿಂದ ನರ್ಸ್ ಕಡಿಮೆ ಕಲಿತಳು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಒಪ್ಪಿಸಿ ಹೋಗುವುದೂ ಒಂದು ವಿದ್ಯೆ, ಅದನ್ನು ವೈದ್ಯರಿಗೂ ಕಲಿಸಬಹುದು.

2025ರ ಜೂನ್ ತಿಂಗಳನ್ನು ಹಾಸನದವರು ಮರೆತಿರಲಾರರು. ಹೃದಯಾಘಾತದ ಸಾವುಗಳ ಸುದ್ದಿ ದಿನವೂ ಬಂದು, ಎದೆಯಲ್ಲಿ ಸ್ವಲ್ಪ ಚುಳುಕೆಂದರೂ ಜನ ಇಸಿಜಿ ಮಾಡಿಸಲು ಆಸ್ಪತ್ರೆಗಳಿಗೆ ಮುಗಿಬಿದ್ದರು. ಸರ್ಕಾರ ತಜ್ಞರ ಸಮಿತಿ ನೇಮಿಸಿತು, ಸಾವುಗಳಲ್ಲಿ ಅಸಹಜ ಏರಿಕೆಯಿಲ್ಲ ಎಂದು ಸಮಿತಿ ಹೇಳಿತು. ಆ ಗದ್ದಲವನ್ನು ಹೊತ್ತುಕೊಂಡವರಲ್ಲಿ ಈ ಕಿರಿಯ ವೈದ್ಯರು ಮೊದಲಿಗರು. ಹೆದರಿ ಬಂದವರನ್ನು ಸಮಾಧಾನ ಮಾಡಿದರು, ಬೈಸಿಕೊಂಡರು. ಆ ಕಾಗದದ ಪಟ್ಟಿಗಳನ್ನು ಸಂಜೆ ಒಂದು ಗಂಟೆ ಕೂತು ಒಬ್ಬ ಹಿರಿಯರು ಅವರ ಜೊತೆ ಓದಿದ್ದರೆ, ಇಸಿಜಿ ಓದಲು ಕಲಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಯಾವುದಿತ್ತು? ಮುಂದೆ ತಾಲ್ಲೂಕು ಆಸ್ಪತ್ರೆಯಲ್ಲಿ ನಿಜವಾದ ಹೃದಯಾಘಾತವನ್ನು ಮೊದಲು ಗುರುತಿಸಬೇಕಾದವರು ಇವರೇ.

ನಮ್ಮ ನೆಲಕ್ಕೇ ವಿಶೇಷವಾದ ಪಾಠಗಳೂ ಇವೆ. ಹಾವಿನ ವಿಷಕ್ಕೆ ನಾವು ಕೊಡುವ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಪಶ್ಚಿಮ ಘಟ್ಟದ ತೋಟಗಳ ತರಗೆಲೆಯ ನಡುವೆ ಇರುವ, ಮೂಗು ಮೇಲಕ್ಕೆ ಎದ್ದ ಸಣ್ಣ ಮಂಡಲದ ವಿಷಕ್ಕೆ ಅದು ನಾಟುವುದಿಲ್ಲ. 2024ರಿಂದ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರಾಜ್ಯ ನಮ್ಮದು. ಹಾವು ಕಡಿದವರ ರಕ್ತವನ್ನು ಒಣಗಿದ ಗಾಜಿನ ನಳಿಕೆಯಲ್ಲಿ ಅಲುಗಾಡಿಸದೆ 20 ನಿಮಿಷ ಇಟ್ಟು ಹೆಪ್ಪುಗಟ್ಟಿತೇ ಎಂದು ನೋಡುವ ಪರೀಕ್ಷೆಗೆ ಪ್ಲಾಸ್ಟಿಕ್ ನಳಿಕೆ ಬಳಸಬಾರದು ಎಂಬುದನ್ನು ಎಷ್ಟು ಹೌಸ್ ಸರ್ಜನ್‌ಗಳಿಗೆ ಯಾರಾದರೂ ತೋರಿಸಿದ್ದಾರೆ? ಮೆಣಸು ಕೊಯ್ಯುವಾಗ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯಿಂದ ಬಿದ್ದು ಬರುವ ಕಾರ್ಮಿಕನ ಬೆನ್ನನ್ನು ಬಗ್ಗಿಸದೆ ಮಂಚಕ್ಕೆ ಹೊರಳಿಸುವುದು ಹೇಗೆ? ಮಲೆನಾಡಿನ ಮಂಗನ ಕಾಯಿಲೆಯ ಜ್ವರವನ್ನು ಯಾವಾಗ ಶಂಕಿಸಬೇಕು? ಇವನ್ನೆಲ್ಲ ಇಲ್ಲಿ ಕಲಿಯದಿದ್ದರೆ ಬೆಂಗಳೂರಿನಲ್ಲಿ ಕಲಿಯಲಾಗದು.

ಮಕ್ಕಳ ಕಡೆಯಿಂದಲೂ ಒಂದು ತೊಡಕಿದೆ. ನೀಟ್ ಪಿಜಿ ಪರೀಕ್ಷೆಯ ಚಿಂತೆಯಲ್ಲಿ ಅವರು ವಾರ್ಡಿನ ಮೂಲೆಯಲ್ಲಿ ಮೊಬೈಲ್ ಹಿಡಿದು ಬಹು ಆಯ್ಕೆಯ ಪ್ರಶ್ನೆಗಳನ್ನು ಬಿಡಿಸುತ್ತಿರುತ್ತಾರೆ. ಬೇಸರವಾಗುತ್ತದೆ, ಆದರೆ ಅವರನ್ನು ಪೂರ್ತಿ ದೂರಲಾರೆ. ವಾರ್ಡಿನಲ್ಲಿ ಕಲಿಸುವವರಿಲ್ಲ, ಮೊಬೈಲಿನಲ್ಲಾದರೂ ಒಬ್ಬರು ಕಲಿಸುತ್ತಿದ್ದಾರೆ. ಸಂಬಳದ ಮಾತು ಹೇಳಿ ಮುಗಿಸುವಂಥದ್ದು: ಸರ್ಕಾರಿ ಕಾಲೇಜುಗಳ ಹೌಸ್ ಸರ್ಜನ್‌ಗಳಿಗೆ 2020ರಲ್ಲಿ ತಿಂಗಳಿಗೆ 30,000 ರೂಪಾಯಿ ನಿಗದಿಯಾಯಿತು. ಅದಕ್ಕೂ ಪ್ರತಿಭಟಿಸಿಯೇ ಪಡೆಯಬೇಕಾಯಿತು, ಮುಂದಿನ ಏರಿಕೆಗೆ 2024ರಲ್ಲಿ ಮತ್ತೆ ಬೀದಿಗಿಳಿಯಬೇಕಾಯಿತು. ಹಣ ಬೇಕು, ಸರಿಯಾದ ಹೊತ್ತಿಗೆ ಬೇಕು.

ಸುರಕ್ಷತೆಯ ಬಗ್ಗೆ ಹೆಚ್ಚು ಬರೆಯಲು ನನಗೆ ಕಷ್ಟವಾಗುತ್ತದೆ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ದೀರ್ಘ ಪಾಳಿಯ ನಡುವೆ ಸೆಮಿನಾರ್ ಹಾಲಿನಲ್ಲಿ ಒರಗಿದ್ದ ತರುಣ ವೈದ್ಯೆಗೆ ಏನಾಯಿತೆಂದು ಎಲ್ಲರಿಗೂ ಗೊತ್ತು. ಅಂದು ನಾವು ಮೇಣದಬತ್ತಿ ಹಿಡಿದು ನಡೆದೆವು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ, ಪಕ್ಕದಲ್ಲೇ ಶೌಚಾಲಯವಿರುವ ಡ್ಯೂಟಿ ರೂಮ್ ಪ್ರತಿ ಮಹಡಿಯಲ್ಲೂ ಇದೆಯೇ ಎಂದು ಈಗ ಕೇಳಿನೋಡಿ. ವೈದ್ಯರ ಮೇಲಿನ ಹಲ್ಲೆ ತಡೆಗೆ ಕರ್ನಾಟಕದಲ್ಲಿ 2009ರಿಂದಲೇ ಕಾಯ್ದೆಯಿದೆ. ರಾತ್ರಿ ಕ್ಯಾಶುವಾಲ್ಟಿಯಲ್ಲಿ ಇಪ್ಪತ್ತು ಜನ ಕೂಗಾಡುವಾಗ ಹುಡುಗಿಯ ಮುಂದೆ ಬಂದು ನಿಲ್ಲುವವರು ಆಯಾ ಮತ್ತು ನಾವು.

ನಮ್ಮ ಊರಿನ ಹಿರಿಯರಲ್ಲಿ, ಸಂಘಸಂಸ್ಥೆಗಳವರಲ್ಲಿ, ಜನಪ್ರತಿನಿಧಿಗಳಲ್ಲಿ ನನ್ನದೊಂದು ಬೇಡಿಕೆ. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಇದೆ. ಅದರ ಸಭೆಯಲ್ಲಿ ಹೊಸ ಯಂತ್ರ, ಹೊಸ ಕಟ್ಟಡ, ಉದ್ಘಾಟನೆಯ ದಿನಾಂಕ ಎಲ್ಲ ಚರ್ಚೆಯಾಗುತ್ತದೆ. ಮುಂದಿನ ಸಭೆಯಲ್ಲಿ ದಯವಿಟ್ಟು ಇವನ್ನೂ ಕೇಳಿ: ಲ್ಯಾಬಿಗೆ ಮಾದರಿ ಒಯ್ಯಲು ರಾತ್ರಿ ಪಾಳಿಗೆ ಒಬ್ಬ ನೌಕರ ಇದ್ದಾನೆಯೇ? ಹಿಂದಿನ ದಿನ ಬೆಳಿಗ್ಗೆ ಬಂದ ವೈದ್ಯರನ್ನು ಈ ದಿನ ಬೆಳಿಗ್ಗೆ ಮನೆಗೆ ಕಳುಹಿಸುತ್ತಿದ್ದೀರಾ? ರಾತ್ರಿ ಹೌಸ್ ಸರ್ಜನ್ ಜೊತೆ ಕಟ್ಟಡದೊಳಗೆ ಇರುವ ತಜ್ಞರು ಯಾರು? ಅವರ ಹೆಸರನ್ನು ಪ್ರತಿ ಸಂಜೆ ಕ್ಯಾಶುವಾಲ್ಟಿಯ ಬಾಗಿಲಲ್ಲಿ ಬರೆದು ಹಾಕಲು ಹೇಳಿ. ಫೋನ್ ನಂಬರ್ ಬರೆದರೆ ಸಾಲದು.